ಮಿಷನ್ನಿನಲ್ಲಿ ಹಲಗೆ ಕೊಯ್ಯುವಾಗ ಕಿವಿಯೂ ಉಸಿರೂ ಉಳಿಯಬೇಕು

ಮಳೆಗಾಲ ಹಿಡಿದ ಮೇಲೆ ನಮ್ಮ ಆನಂದಪುರದ ಕಡೆ ಸಂಜೆಯಾದರೆ ಜೀರುಂಡೆ ಕೂಗು ಇದ್ದದ್ದೇ. ಎರಡು ವರ್ಷದ ಹಿಂದೆ ಒಂದು ಸಂಜೆ ಜಗಲಿಯಲ್ಲಿ ಕೂತು, "ಈ ವರ್ಷ ಯಾಕೋ ಜೀರುಂಡೆನೇ ಇಲ್ಲ, ಔಷಧಿ ಹೊಡೆದು ಹೊಡೆದು ಎಲ್ಲ ಸತ್ತವೇನೋ" ಅಂದೆ. ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ನನ್ನ ಮುಖ ನೋಡಿ, "ಇಷ್ಟು ಜೋರಾಗಿ ಕೂಗ್ತಾ ಇದ್ಯಲ್ಲ ಅಜ್ಜ" ಅಂದಳು. ಜೀರುಂಡೆ ಎಲ್ಲೂ ಹೋಗಿರಲಿಲ್ಲ. ಹೋಗಿದ್ದು ನನ್ನ ಕಿವಿ.

ಶಿವಮೊಗ್ಗಕ್ಕೆ ಹೋಗಿ ಪರೀಕ್ಷೆ ಮಾಡಿಸಿದೆ. ಕಿವಿಗೆ ಮುಚ್ಚಳ ಹಾಕಿ ಸಣ್ಣ ದೊಡ್ಡ ಸ್ವರ ಕೇಳಿಸಿ ಒಂದು ನಕ್ಷೆ ಬರೆದರು. ಡಾಕ್ಟರು ಕೇಳಿದ ಮೊದಲನೇ ಪ್ರಶ್ನೆ, "ಏನು ಮಿಷನ್ ಓಡಿಸ್ತೀರಿ?" ನನಗೆ ಆಶ್ಚರ್ಯ. ನಕ್ಷೆ ನೋಡಿದರೇ ಗೊತ್ತಾಗುತ್ತದಂತೆ. ದಪ್ಪ ಸ್ವರ ಎಲ್ಲ ಸರಿ ಇದೆ, ಕೀರಲು ಸ್ವರದ ಕಡೆ ಗೆರೆ ಹಳ್ಳಕ್ಕೆ ಬಿದ್ದಿದೆ. ಗಲಾಟೆಯಿಂದ ಕೆಟ್ಟ ಕಿವಿಯ ಗುರುತು ಅದು. ನಾನು ಏಳೆಂಟು ವರ್ಷದಿಂದ ಚೈನ್ ಗರಗಸದಲ್ಲಿ ನಮ್ಮ ಮನೆಯ ಮರವನ್ನೂ ನೆರೆಯವರ ಮರವನ್ನೂ ಹಲಗೆ ಕೊಯ್ದಿದ್ದೆ. ಕಿವಿಗೆ ಹತ್ತಿ, ತಲೆಗೆ ಟವೆಲ್. ಅಷ್ಟೇ ನನ್ನ ರಕ್ಷಣೆ.

ಹೋದ ಕಿವಿ ತಿರುಗಿ ಬರುವುದಿಲ್ಲ. ಇನ್ನೂ ಕಿವಿ ಇರುವವರಿಗೆ ಪ್ರಯೋಜನ ಆಗಲಿ ಅಂತ, ಆಮೇಲೆ ನಾನು ಏನೇನು ಬದಲು ಮಾಡಿಕೊಂಡೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಕಡಿಯುವುದು ಬೇರೆ, ಕೊಯ್ಯುವುದು ಬೇರೆ

ನಮ್ಮದು ಬೆದ್ದಲು ಜಮೀನು. ಮೆಕ್ಕೆಜೋಳ ಹಾಕುವ ಹೊಲದ ಅಂಚಿಗೆ ಹಿಂದೆ ನೆಟ್ಟ ಅಕೇಶಿಯಾ, ಬದುವಿನ ಮೇಲೆ ಹಲಸು, ಮಾವು, ಸಿಲ್ವರ್ ಓಕ್. ಗಾಳಿಗೆ ಒಂದು ಮರ ಬಿತ್ತು ಅಂದರೆ ಒಂದೆರಡು ದಿಮ್ಮಿಗಾಗಿ ಲಾರಿ ಮಾಡಿ ಸಾಗರಕ್ಕೋ ಶಿವಮೊಗ್ಗಕ್ಕೋ ಸಾಮಿಲ್ಲಿಗೆ ಸಾಗಿಸಿದರೆ ಬಾಡಿಗೆಯೇ ಮರದ ಬೆಲೆ ಮೀರುತ್ತದೆ. ಹಾಗಾಗಿ ಹಳ್ಳಿಗಳಲ್ಲಿ ಈಗ ಚೈನ್ ಗರಗಸದ ಪಟ್ಟಿಗೆ ಕಬ್ಬಿಣದ ಚೌಕಟ್ಟು ಬಿಗಿದು, ದಿಮ್ಮಿ ಬಿದ್ದಲ್ಲೇ ಉದ್ದಕ್ಕೆ ಸೀಳಿ ಹಲಗೆ ಮಾಡುವುದು ರೂಢಿಗೆ ಬಂದಿದೆ. ಕೊಟ್ಟಿಗೆಗೆ ಹಲಗೆ, ಮಾಡಿಗೆ ಪಕಾಸಿ, ಅಡ್ಡೆಗೆ ತೊಲೆ ಎಲ್ಲ ಇದರಲ್ಲೇ ಆಗುತ್ತದೆ.

ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಮರ ಕಡಿಯುವಾಗ ಮಿಷನ್ ಪೂರ್ತಿ ವೇಗದಲ್ಲಿ ಓಡುವುದು ಒಂದೆರಡು ನಿಮಿಷ. ಆಮೇಲೆ ಕೊಂಬೆ ಎಳೆಯುವುದು, ಅಳತೆ ಹಾಕುವುದು, ನಡುವೆ ಬಿಡುವು ಸಿಗುತ್ತದೆ. ಹಲಗೆ ಕೊಯ್ಯುವಾಗ ಹಾಗಲ್ಲ. ಹತ್ತು ಅಡಿ ಉದ್ದ, ಹದಿನಾರು ಇಂಚು ಅಗಲದ ಅಕೇಶಿಯಾ ದಿಮ್ಮಿಯಲ್ಲಿ ಒಂದು ಕೊಯ್ತಕ್ಕೆ ನನ್ನ ಮಿಷನ್ನಿಗೆ ಹನ್ನೆರಡರಿಂದ ಹದಿನೈದು ನಿಮಿಷ ಬೇಕು. ಅಷ್ಟೂ ಹೊತ್ತು ಬೆರಳು ತೆಗೆಯುವ ಹಾಗಿಲ್ಲ, ಪೂರ್ತಿ ವೇಗ. ಎಂಟು ಕೊಯ್ತ ಅಂದರೆ ಎರಡು ತಾಸು. ಬಗ್ಗಿ ನಿಂತ ನಮ್ಮ ಮುಖ, ಮಿಷನ್ನಿನಿಂದ ಎರಡು ಮೂರು ಅಡಿ ದೂರ ಮಾತ್ರ. ಕಡಿಯುವಾಗ ತಡೆದುಕೊಂಡ ದೇಹ ಕೊಯ್ಯುವಾಗ ತಡೆಯುವುದಿಲ್ಲ.

ಶಬ್ದದ ಲೆಕ್ಕ

ಶಬ್ದವನ್ನು ಅಳೆಯುವುದು ಡೆಸಿಬೆಲ್ ಎಂಬ ಅಳತೆಯಲ್ಲಿ. ಇದರ ಲೆಕ್ಕ ನಮ್ಮ ಸೇರು ಪಾವಿನ ಹಾಗಲ್ಲ. ಮೂರು ಡೆಸಿಬೆಲ್ ಹೆಚ್ಚಾದರೆ ಶಬ್ದದ ಶಕ್ತಿ ಎರಡು ಪಟ್ಟು ಆದ ಹಾಗೆ. ನಾವು ಎದುರುಬದುರು ಕೂತು ಮಾತಾಡುವುದು ಸುಮಾರು 60. ಚೈನ್ ಗರಗಸ ಹಿಡಿದವನ ಕಿವಿಯ ಹತ್ತಿರ 100ರಿಂದ 115ರ ವರೆಗೆ ಇರುತ್ತದೆ.

ನಮ್ಮ ದೇಶದ ಕಾರ್ಖಾನೆಗಳಿಗೆ ಎಂಟು ತಾಸಿನ ಕೆಲಸಕ್ಕೆ 90 ಡೆಸಿಬೆಲ್ ಮಿತಿ. ಅಮೇರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಇನ್ನೂ ಬಿಗಿಯಾಗಿ 85 ಎಂದು ಹೇಳುತ್ತದೆ. ಅದರ ಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಸಮಯ ಅರ್ಧ ಮಾಡುತ್ತಾ ಹೋಗಬೇಕು ಎನ್ನುತ್ತದೆ. ನಾನು ಈ ಬಿಗಿ ಲೆಕ್ಕವನ್ನೇ ಹಿಡಿದಿದ್ದೇನೆ. ಅದು ಹೀಗೆ ಬರುತ್ತದೆ:

85 ಡೆಸಿಬೆಲ್: 8 ತಾಸು
88: 4 ತಾಸು
91: 2 ತಾಸು
94: 1 ತಾಸು
97: ಅರ್ಧ ತಾಸು
100: ಕಾಲು ತಾಸು
109: ಎರಡು ನಿಮಿಷಕ್ಕಿಂತ ಕಡಿಮೆ

ಕೊನೆಯ ಸಾಲು ಇನ್ನೊಮ್ಮೆ ಓದಿ. ಬರೀ ಕಿವಿಯಲ್ಲಿ ಒಂದು ದಿನಕ್ಕೆ ಆಗಬಹುದಾದಷ್ಟು ಶಬ್ದವನ್ನು ನಾವು ಮೊದಲನೇ ಕೊಯ್ತದ ಎರಡನೇ ಅಡಿ ದಾಟುವುದರೊಳಗೆ ತಿಂದು ಮುಗಿಸಿರುತ್ತೇವೆ. ಉಳಿದದ್ದೆಲ್ಲ ಸಾಲ. ಆ ಸಾಲ ಕಿವಿ ತೀರಿಸುತ್ತದೆ.

ಕಿವಿಯ ಒಳಗೆ ಬಸವನಹುಳದ ಚಿಪ್ಪಿನಂಥ ಒಂದು ಭಾಗ ಇದೆ. ಅದರಲ್ಲಿ ಕೂದಲಿನಂಥ ತುದಿ ಇರುವ ಸೂಕ್ಷ್ಮ ಕಣಗಳಿವೆ. ಗಾಳಿಗೆ ಭತ್ತದ ಗದ್ದೆ ಬಾಗಿದ ಹಾಗೆ ಶಬ್ದಕ್ಕೆ ಅವು ಬಾಗುತ್ತವೆ. ಸಣ್ಣ ಗಾಳಿಗೆ ಬಾಗಿದ ಪೈರು ಏಳುತ್ತದೆ, ದೊಡ್ಡ ಗಾಳಿಗೆ ಮಲಗಿದ್ದು ಏಳುವುದಿಲ್ಲ. ಹಾಗೆ ಸತ್ತ ಕಣ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಕೀರಲು ಸ್ವರ ಹಿಡಿಯುವ ಕಣಗಳು. ಅದಕ್ಕೇ ಜೀರುಂಡೆ ಮೊದಲು ಹೋಗುತ್ತದೆ. ಆಮೇಲೆ ಮಾತಿನಲ್ಲಿ ಸ, ಶ, ತ, ಕ ಇಂಥ ಅಕ್ಷರ ತಪ್ಪುತ್ತವೆ. ಮಾತು ಕೇಳುತ್ತದೆ, ಅರ್ಥ ಆಗುವುದಿಲ್ಲ. ಮನೆಯವರು "ಇವರಿಗೆ ಬೇಕಾದ್ದು ಮಾತ್ರ ಕೇಳ್ಸುತ್ತೆ" ಅಂತಾರೆ. ಅವರದ್ದೂ ತಪ್ಪಲ್ಲ.

ಕೆಲಸ ಮುಗಿಸಿ ಬಂದ ಮೇಲೆ ಕಿವಿಯಲ್ಲಿ ಗುಂಯ್ ಅಂದರೆ, ಅಥವಾ ರೇಡಿಯೋ ಸ್ವಲ್ಪ ಜೋರು ಮಾಡಬೇಕು ಅನ್ನಿಸಿದರೆ, ಅದು ಮುನ್ಸೂಚನೆ. ಮರುದಿನ ಸರಿಯಾಯ್ತು ಅಂತ ಸುಮ್ಮನಾಗಬೇಡಿ. ನಾನು ಹಾಗೆ ಸುಮ್ಮನಾದವನು.

ಕಿವಿಗೆ ಏನು ಹಾಕಬೇಕು?

ಹತ್ತಿ ಪ್ರಯೋಜನ ಇಲ್ಲ. ಟವೆಲ್ ಸುತ್ತಿದರೂ ಅಷ್ಟೇ. ಶಬ್ದ ನುಸುಳಲು ಸಣ್ಣ ಸಂದು ಸಾಕು.

ಸಿಗುವುದು ಎರಡು ಬಗೆ. ಒಂದು, ಸ್ಪಂಜಿನ ಬಿರಡೆ. ಇನ್ನೊಂದು, ತಲೆಯ ಮೇಲಿನಿಂದ ಬಿಲ್ಲಿನ ಹಾಗೆ ಬಂದು ಎರಡೂ ಕಿವಿ ಮುಚ್ಚುವ ಬಟ್ಟಲು. ಬಿರಡೆ ಕೆಲವೇ ರೂಪಾಯಿ. ಬಟ್ಟಲಿಗೂ ಒಂದು ಚೈನಿನಷ್ಟು ದುಡ್ಡು ಬೀಳುವುದಿಲ್ಲ. ಗರಗಸದ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೇಳಿದರೆ ತರಿಸಿ ಕೊಡುತ್ತಾರೆ.

ಬಿರಡೆ ಹಾಕುವುದಕ್ಕೆ ಕ್ರಮ ಇದೆ. ಸುಮ್ಮನೆ ತುರುಕಿದರೆ ಆಗುವುದಿಲ್ಲ. ಕೈ ತೊಳೆದು, ಬೆರಳಲ್ಲಿ ಬೀಡಿ ಸುತ್ತಿದ ಹಾಗೆ ಸಣ್ಣಗೆ ಹೊಸೆಯಬೇಕು. ಇನ್ನೊಂದು ಕೈಯಲ್ಲಿ ತಲೆಯ ಹಿಂದಿನಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ಸೇರಿಸಬೇಕು. ಅದು ಉಬ್ಬಿ ತುಂಬುವ ವರೆಗೆ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಬೇಕು. ಸರಿಯಾಗಿ ಕೂತರೆ ನಮ್ಮ ಸ್ವರವೇ ನಮಗೆ ಕೊಡದ ಒಳಗಿಂದ ಮಾತಾಡಿದ ಹಾಗೆ ಕೇಳುತ್ತದೆ.

ಬಟ್ಟಲಿನ ಅಂಚು ಚರ್ಮಕ್ಕೆ ಅಂಟಿ ಕೂರಬೇಕು. ಅಡಿಯಲ್ಲಿ ಮುಂಡಾಸು, ಕನ್ನಡಕದ ದಪ್ಪ ಕಡ್ಡಿ ಬಂದರೆ ಸಂದಾಗುತ್ತದೆ. ಅಂಚಿನ ಮೆತ್ತೆ ಗಟ್ಟಿಯಾಗಿ ಬಿರುಕು ಬಿಟ್ಟರೆ ಬದಲಿಸಬೇಕು.

ಡಬ್ಬಿಯ ಮೇಲೆ 27 ಡೆಸಿಬೆಲ್ ತಡೆಯುತ್ತದೆ ಅಂತ ಬರೆದಿರುತ್ತಾರೆ. ಅದು ಪ್ರಯೋಗಶಾಲೆಯ ಲೆಕ್ಕ. ಬೆವರು, ಹೊಟ್ಟು, ತಲೆ ಅಲ್ಲಾಡುವುದು ಎಲ್ಲ ಸೇರಿ ಹೊಲದಲ್ಲಿ ಅರ್ಧದಷ್ಟು ಸಿಕ್ಕಿತು ಎಂದು ಹಿಡಿಯುವುದು ಕ್ಷೇಮ. ಈಗ ಲೆಕ್ಕ ಹಾಕಿ. 109ರಲ್ಲಿ 13 ಕಳೆದರೆ 96. ಸುಮಾರು ನಲವತ್ತು ನಿಮಿಷಕ್ಕೆ ಮಾತ್ರ ಸಾಕು. ಮೂರು ಕೊಯ್ತಕ್ಕೆ ಆ ದಿನದ ಪಾಲು ಮುಗಿಯಿತು. ಬಿರಡೆಯೂ ಹಾಕಿ, ಅದರ ಮೇಲೆ ಬಟ್ಟಲೂ ಹಾಕಿದರೆ ಇನ್ನೊಂದು 5 ಡೆಸಿಬೆಲ್ ತಗ್ಗುತ್ತದೆ. ಎರಡನ್ನೂ ಕೂಡಿಸಿ ಲೆಕ್ಕ ಮಾಡಬಾರದು, ಹೆಚ್ಚುವರಿ ಸಿಗುವುದು ಐದೇ. ಆದರೂ 91ಕ್ಕೆ ಇಳಿಯಿತು, ಎರಡು ತಾಸು ಸಿಕ್ಕಿತು. ಅದಕ್ಕೆ ನನ್ನ ನಿಯಮ: ಎರಡನ್ನೂ ಹಾಕುವುದು, ದಿನಕ್ಕೆ ಎಂಟು ಕೊಯ್ತಕ್ಕಿಂತ ಹೆಚ್ಚು ಮಾಡದಿರುವುದು. ಉಳಿದದ್ದು ನಾಳೆಗೆ. ದಿಮ್ಮಿ ಓಡಿ ಹೋಗುವುದಿಲ್ಲ.

ಇನ್ನೊಂದು ತುದಿ ಹಿಡಿಯುವವನಿಗೂ, ಬೆಣೆ ಹೊಡೆಯುವವನಿಗೂ ಇವೆಲ್ಲ ಬೇಕು. ಕೂಲಿಗೆ ಬಂದವನ ಕಿವಿಯೂ ಕಿವಿಯೇ. ಕಿವಿ ಮುಚ್ಚಿದ ಮೇಲೆ ಕೂಗಿದ್ದು ಕೇಳುವುದಿಲ್ಲವಾದ್ದರಿಂದ ಕೆಲಸಕ್ಕೆ ಮೊದಲೇ ಕೈಸನ್ನೆ ಮಾತಾಡಿಕೊಳ್ಳಬೇಕು. ನಮ್ಮಲ್ಲಿ ಕೈ ಎತ್ತಿದರೆ ಮಿಷನ್ ನಿಲ್ಲಿಸುವುದು. ಸಹಾಯಕ್ಕೆ ಇರುವವರು ಯಾವಾಗಲೂ ಕಣ್ಣಿಗೆ ಕಾಣುವಲ್ಲೇ ನಿಲ್ಲಬೇಕು, ಬೆನ್ನ ಹಿಂದೆ ಬರಬಾರದು.

ಶಬ್ದವನ್ನೇ ತಗ್ಗಿಸುವುದು

ಕಿವಿ ಮುಚ್ಚುವುದು ಕೊನೆಯ ಬೇಲಿ. ಅದಕ್ಕೂ ಮೊದಲು ಮಾಡಬೇಕಾದ್ದು ಕೆಲವಿದೆ.

ಚೈನಿನ ಮೊನೆ: ಅಂಗಡಿಯಲ್ಲಿ ಬರುವ ಮಾಮೂಲಿ ಚೈನು ಅಡ್ಡ ಕಡಿಯುವುದಕ್ಕೆ ಮಾಡಿದ್ದು. ಅದರ ಹಲ್ಲಿನ ಓರೆ 30 ಡಿಗ್ರಿ ಆಸುಪಾಸು. ಉದ್ದಕ್ಕೆ ಸೀಳಲು 10 ಡಿಗ್ರಿ ಸಾಕು. ಹಾಗೇ ಮಾಡಿದ ಸೀಳುವ ಚೈನು ಸಿಗುತ್ತದೆ, ಇಲ್ಲವಾದರೆ ಹಳೇ ಚೈನನ್ನು ಅರ ಹಾಕುತ್ತಾ ಹಾಕುತ್ತಾ 10ಕ್ಕೆ ತಂದುಕೊಳ್ಳಬಹುದು. ಹಲಗೆ ನುಣುಪಾಗಿ ಬರುತ್ತದೆ, ಮಿಷನ್ ಎಳೆದಾಡುವುದಿಲ್ಲ. ಮೊಂಡು ಚೈನಿನಲ್ಲಿ ಹದಿನೈದು ನಿಮಿಷದ ಕೊಯ್ತ ಇಪ್ಪತ್ತೈದು ನಿಮಿಷ ಆಗುತ್ತದೆ. ಅಂದರೆ ಶಬ್ದ, ಹೊಗೆ, ಪೆಟ್ರೋಲು ಮೂರೂ ಹೆಚ್ಚು. ಹೊಟ್ಟು ಹಿಟ್ಟಿನ ಹಾಗೆ ಬಿದ್ದರೆ ಮೊನೆ ಹೋಗಿದೆ ಅಂತ ತಿಳಿಯಿರಿ. ಪ್ರತಿ ಸಲ ಪೆಟ್ರೋಲು ತುಂಬುವಾಗ ಎರಡೆರಡು ಸಲ ಅರ ಎಳೆಯುವುದು ನನ್ನ ಅಭ್ಯಾಸ.

ತೊಗಟೆ: ಎಳೆದು ತಂದ ದಿಮ್ಮಿಯ ತೊಗಟೆಯಲ್ಲಿ ಮಣ್ಣು ಕಲ್ಲು ಹೊಕ್ಕಿರುತ್ತದೆ. ಮೊದಲು ಕತ್ತಿಯಲ್ಲಿ ತೊಗಟೆ ತೆಗೆಯಿರಿ. ಮೊನೆ ಎರಡು ಪಟ್ಟು ಬಾಳುತ್ತದೆ.

ಇಳಿಜಾರು: ದಿಮ್ಮಿಯ ಕೆಳಗೆ ಅಡ್ಡತೊಲೆ ಕೊಟ್ಟು, ಕೊಯ್ತ ಶುರುವಾಗುವ ತುದಿ ಸ್ವಲ್ಪ ಎತ್ತರ ಇರುವ ಹಾಗೆ ಕೂರಿಸಿ. ಮಿಷನ್ ತನ್ನ ಭಾರಕ್ಕೇ ಇಳಿಯುತ್ತದೆ, ನಾವು ದೂಡಬೇಕಿಲ್ಲ, ಬಗ್ಗಿ ಮುಖ ಕೊಡಬೇಕಾಗಿಲ್ಲ. ದಿಮ್ಮಿ ಮೊಣಕಾಲಿಗಿಂತ ಮೇಲೆ ಇರಲಿ. ಕೊಯ್ದ ಸಂದಿಗೆ ಆಗಾಗ ಬೆಣೆ ಕೊಟ್ಟರೆ ಪಟ್ಟಿ ಕಚ್ಚುವುದಿಲ್ಲ.

ಸೈಲೆನ್ಸರ್: ಅದರ ಬೋಲ್ಟು ಸಡಿಲವಾದರೆ, ಒಳಗಿನ ಗ್ಯಾಸ್ಕೆಟ್ ಸುಟ್ಟರೆ ಶಬ್ದವೂ ಹೊಗೆಯೂ ಬುಡದಲ್ಲೇ ಸೋರುತ್ತದೆ. ವಾರಕ್ಕೊಮ್ಮೆ ತಣ್ಣಗಿದ್ದಾಗ ನೋಡಿ ಬಿಗಿ ಮಾಡಿ. ಶಕ್ತಿ ಹೆಚ್ಚುತ್ತದೆ ಅಂತ ಕೆಲವರು ಸೈಲೆನ್ಸರಿಗೆ ತೂತು ಕೊರೆಸುತ್ತಾರೆ. ಸ್ವಲ್ಪ ಶಕ್ತಿ ಬರಬಹುದು, ಆದರೆ ಕಿವಿಯನ್ನು ಮಾರಿ ತಂದ ಶಕ್ತಿ ಅದು.

ಜಾಗ: ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. ಮನೆಯಿಂದ 5 ಮೀಟರಿನಲ್ಲಿ ಕೊಯ್ಯುವ ಬದಲು 40 ಮೀಟರಿನಲ್ಲಿ ಕೊಯ್ದರೆ ಮನೆಯವರಿಗೆ 18 ಡೆಸಿಬೆಲ್ ಕಡಿಮೆ. ಗೋಡೆಯ ಬುಡ, ತಗಡಿನ ಮಾಡಿನ ಅಡಿ ಬೇಡ. ಶಬ್ದ ಅದಕ್ಕೆ ಬಡಿದು ತಿರುಗಿ ನಮಗೇ ಬರುತ್ತದೆ. ಕರು ಹಾಕಿದ ಹಸು, ಹಸುಗೂಸು ಇರುವ ಮನೆಯ ಹತ್ತಿರವಂತೂ ಬೇಡವೇ ಬೇಡ.

ಹೊಗೆಯ ಪಾಠ

ಇದನ್ನು ನಾನು ಕಲಿತದ್ದು ಹೆದರಿಕೊಂಡು. ಒಂದು ಆಷಾಢದಲ್ಲಿ ಕೊಟ್ಟಿಗೆಗೆ ತುರ್ತಾಗಿ ಹಲಗೆ ಬೇಕಿತ್ತು. ಮಳೆ ಬಿಡುತ್ತಿರಲಿಲ್ಲ. ದಿಮ್ಮಿಯ ಮೇಲೆ ಟಾರ್ಪಾಲು ಕಟ್ಟಿ, ಇರಚಲು ಬಾರದ ಹಾಗೆ ಮೂರು ಕಡೆಗೂ ಇಳಿಬಿಟ್ಟೆವು. ಮೂರನೇ ಕೊಯ್ತಕ್ಕೆ ಸಹಾಯಕ್ಕೆ ಬಂದಿದ್ದ ಹುಡುಗ ತಲೆನೋವು ಅಂದ. ನಾಲ್ಕನೆಯದಕ್ಕೆ ವಾಂತಿ. ಬೆಳಿಗ್ಗೆ ತಿಂದದ್ದು ಹಿಡಿಸಲಿಲ್ಲ ಅಂದುಕೊಂಡು ಕೂರಿಸಿದೆವು. ನನಗೂ ಕಾಲು ಸೋತ ಹಾಗೆ, ಯೋಚನೆ ಮಂಕಾದ ಹಾಗೆ ಆಗಿತ್ತು. ಟೀ ಕುಡಿಯಲು ಮನೆಗೆ ಬಂದು ತಾಸು ಕಳೆದ ಮೇಲೆ ಇಬ್ಬರಿಗೂ ಸ್ವಲ್ಪ ಸರಿಯಾಯ್ತು. ತಿರುಗಿ ಟಾರ್ಪಾಲಿನ ಒಳಗೆ ಹೋದ ಅರ್ಧ ತಾಸಿಗೆ ಹುಡುಗ ಕುಸಿದು ಕೂತ. ಆಗ ಹೊಳೆಯಿತು, ಇದು ತಿಂಡಿಯದ್ದಲ್ಲ, ಹೊಗೆಯದ್ದು. ಹೊರಗೆ ಗಾಳಿಗೆ ಎಳೆದು ತಂದು ಮಲಗಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹುಡುಗ ಉಳಿದ. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತು ಅಂತ ಈಗಲೂ ರಾತ್ರಿ ನೆನಪಾಗುತ್ತದೆ.

ಈ ಮಿಷನ್ನುಗಳಲ್ಲಿ ಇರುವುದು ಎರಡು ಸ್ಟ್ರೋಕಿನ ಇಂಜಿನ್. ಹೊಸ ಪೆಟ್ರೋಲು ಒಳಗೆ ಬರುವ ಹೊತ್ತಿಗೇ ಹಳೇ ಹೊಗೆ ಹೊರಗೆ ಹೋಗುತ್ತಿರುತ್ತದೆ. ಹಾಗಾಗಿ ಹಳೇ ಮಾದರಿಯಲ್ಲಿ ಹಾಕಿದ ಪೆಟ್ರೋಲಿನ ಕಾಲು ಭಾಗದಷ್ಟು ಉರಿಯದೇ ಹೊರಗೆ ಬರುತ್ತದೆ. ಅದರ ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಗಾಳಿ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಉಸಿರು ಹೊರುವ ಕೆಂಪು ಕಣಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದು ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿದರೆ ಒಳ್ಳೇ ಗಾಳಿಯಲ್ಲಿ ಕೂತರೂ ಅರ್ಧ ಇಳಿಯಲು ನಾಲ್ಕೈದು ತಾಸು ಬೇಕು. ನಾವು ಒಂದು ತಾಸು ಟೀ ಕುಡಿದು ಸರಿಯಾಯ್ತು ಅಂದುಕೊಂಡದ್ದು ಇಲ್ಲೇ ತಪ್ಪು. ಒಳಗೆ ಬಹುಪಾಲು ಹಾಗೇ ಇತ್ತು, ಅದರ ಮೇಲೆ ಮತ್ತೆ ಸೇರಿಸಿದೆವು.

ಆವತ್ತಿನಿಂದ ಮಾಡಿಕೊಂಡ ಕಟ್ಟುಪಾಡು:

1. ಮಳೆ ಬಂದರೆ ಕೊಯ್ತ ಇಲ್ಲ. ಬಿಸಿಲಿಗೆ ನೆರಳು ಬೇಕಾದರೆ ಮೇಲೆ ಮಾತ್ರ, ನಾಲ್ಕೂ ಕಡೆ ಬಯಲು.

2. ಕಣದಲ್ಲಿ ತೂರುವಾಗ ಗಾಳಿ ನೋಡಿ ನಿಲ್ಲುತ್ತೇವಲ್ಲ, ಅದೇ ಬುದ್ಧಿ ಇಲ್ಲಿಯೂ. ಒಂದು ಹಿಡಿ ಒಣ ಹೊಟ್ಟು ಹಾರಿಸಿ ನೋಡಿ. ಗಾಳಿ ದಿಮ್ಮಿಗೆ ಅಡ್ಡವಾಗಿ, ನಿಂತವರ ಬೆನ್ನಿನ ಓರೆಯಿಂದ ಬಂದು ಹೊಗೆಯನ್ನು ಆಚೆಗೆ ಒಯ್ಯುವ ಹಾಗಿರಲಿ. ಆಚೆ ಬದಿಯಲ್ಲಿ ಯಾರೂ ನಿಲ್ಲಬಾರದು. ಗಾಳಿ ತಿರುಗಿದರೆ ದಿಮ್ಮಿಯ ಇನ್ನೊಂದು ತುದಿಯಿಂದ ಶುರು ಮಾಡಿ. ಗಾಳಿ ಸತ್ತ ಹೊತ್ತು, ಹಳ್ಳದ ತಗ್ಗು ಎರಡೂ ಬೇಡ.

3. ಒಂದು ಕೊಯ್ತ ಮುಗಿದ ಮೇಲೆ ಮಿಷನ್ ನಿಲ್ಲಿಸಿ ಹತ್ತು ನಿಮಿಷ ದೂರ ಹೋಗಿ ಕೂರುವುದು. ಬೆಣೆ ಬಡಿಯುವಾಗ, ಮಾತಾಡುವಾಗ ಮಿಷನ್ ಸುಮ್ಮನೆ ಓಡುತ್ತಾ ಇರಬಾರದು.

4. ತಲೆನೋವು, ವಾಕರಿಕೆ, ಮಂಕು ಬಂದರೆ ಆ ದಿನದ ಕೆಲಸ ಮುಗಿಯಿತು. ಕುಸಿದರೆ ಕಾಯದೆ ಆಸ್ಪತ್ರೆ, "ಹೊಗೆ ಕುಡಿದಿದ್ದಾನೆ" ಅಂತ ಹೇಳಬೇಕು.

5. ಮೂಗಿಗೆ ಕಟ್ಟುವ ಮುಖವಾಡ ಬೇಕು, ಅದು ಹೊಟ್ಟಿನ ಧೂಳಿಗೆ. ಮರದ ಧೂಳು ವರ್ಷಾನುಗಟ್ಟಲೆ ಮೂಗಿಗೆ ಹೋದರೆ ಕ್ಯಾನ್ಸರಿಗೂ ಕಾರಣ ಎಂದು ವೈದ್ಯಶಾಸ್ತ್ರ ಒಪ್ಪಿದೆ. ಆದರೆ ವಿಷದ ಗಾಳಿಯನ್ನು ಬಟ್ಟೆಯಾಗಲಿ ಎನ್-95 ಮುಖವಾಡವಾಗಲಿ ತಡೆಯುವುದಿಲ್ಲ. ಅದನ್ನು ನಂಬಿ ಒಳಗೆ ಕೂರಬೇಡಿ.

ಎಣ್ಣೆ ಮತ್ತು ಪೆಟ್ರೋಲು

ನೀಲಿ ಹೊಗೆ ಹೆಚ್ಚಾದರೆ ಮೊದಲು ನೋಡಬೇಕಾದ್ದು ಎಣ್ಣೆ. 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ. 25ಕ್ಕೆ 1 ಅಂದರೆ 40 ಮಿಲಿ. ನಿಮ್ಮ ಮಿಷನ್ನಿನ ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟೇ, ಅಳತೆ ಮಾಡಿ ಹಾಕಿ. ಅಂದಾಜಿಗೆ ಬಾಟಲಿ ಮುಚ್ಚಳದಲ್ಲಿ ಹೊಯ್ಯುವುದು ಬೇಡ, ಔಷಧಿ ಅಂಗಡಿಯ ಸಿರಿಂಜು ಸಾಕು. ಎರಡು ಸ್ಟ್ರೋಕಿನ ಎಣ್ಣೆಯೇ ಆಗಬೇಕು. ಬೈಕಿನ ನಾಲ್ಕು ಸ್ಟ್ರೋಕಿನ ಎಣ್ಣೆ ಸರಿಯಾಗಿ ಉರಿಯುವುದಿಲ್ಲ, ಹೊಗೆ ಮಾಡಿ ಸೈಲೆನ್ಸರಿನ ಜಾಲರಿಗೆ ಮಸಿ ಕಟ್ಟುತ್ತದೆ. ಜಾಲರಿ ಮುಚ್ಚಿದರೆ ಇಂಜಿನ್ ಉಸಿರು ಕಟ್ಟಿ ಕಾಯುತ್ತದೆ. ಅದನ್ನು ಆಗಾಗ ಬಿಚ್ಚಿ ತಂತಿ ಬ್ರಶ್ಶಿನಲ್ಲಿ ಉಜ್ಜಿ. ಕಿಡಿ ತಡೆಯುವುದು ಅದೇ ಆದ್ದರಿಂದ ತೆಗೆದು ಬಿಸಾಡಬೇಡಿ.

ಹೊಗೆ ಕಡಿಮೆ ಆಗಲಿ ಅಂತ ಎಣ್ಣೆ ಕಡಿಮೆ ಹಾಕುವುದು ತಪ್ಪು. ಹಲಗೆ ಕೊಯ್ಯುವುದು ಈ ಇಂಜಿನ್ನಿಗೆ ಅತಿ ಭಾರದ ಕೆಲಸ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಕಾರ್ಬೊರೇಟರಿನ ಸ್ಕ್ರೂ ತಿರುಗಿಸಿ ಪೆಟ್ರೋಲು ಬಿಗಿ ಮಾಡಿದರೂ ಇದೇ ಗತಿ.

ಇನ್ನೊಂದು ಹೊಸ ಸಂಗತಿ. 2025ರ ಹೊತ್ತಿಗೆ ನಮ್ಮ ಬಂಕುಗಳಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲು ಎಲ್ಲ ಕಡೆ ಬಂದಿದೆ. ಅನೇಕ ಮಿಷನ್ನುಗಳ ಪುಸ್ತಕದಲ್ಲಿ ಶೇ. 10ರ ವರೆಗೆ ಮಾತ್ರ ಅಂತ ಇರುತ್ತದೆ. ಎಥನಾಲ್ ಹೆಚ್ಚಾದಷ್ಟೂ ಇಂಜಿನ್ ಪೆಟ್ರೋಲು ಕಡಿಮೆ ಸಿಕ್ಕಿದ ಹಾಗೆ ಓಡಿ ಕಾಯುತ್ತದೆ. ತಿಳಿದ ಮೆಕ್ಯಾನಿಕ್ಕಿನ ಹತ್ತಿರ ಒಮ್ಮೆ ಹೊಂದಿಸಿಕೊಳ್ಳಿ. ಎಥನಾಲ್ ಗಾಳಿಯ ತೇವ ಹೀರುವುದರಿಂದ ನಮ್ಮ ಮಳೆಗಾಲದಲ್ಲಿ ಬೆರೆಸಿದ ಪೆಟ್ರೋಲು ತಿಂಗಳುಗಟ್ಟಲೆ ಇಡಬಾರದು. ಬೇಕಾದಷ್ಟೇ ಬೆರೆಸಿ, ಕೆಲಸ ಮುಗಿದ ಮೇಲೆ ಟ್ಯಾಂಕು ಖಾಲಿ ಮಾಡಿ.

ಚೈನಿಗೆ ಬಿಡುವ ಎಣ್ಣೆಯ ವಿಷಯ. ಗ್ಯಾರೇಜಿನ ಸುಟ್ಟ ಆಯಿಲು ಪುಕ್ಕಟೆ ಸಿಗುತ್ತದೆ ಅಂತ ಹಾಕುವವರು ಬಹಳ. ಅದು ಹನಿಹನಿಯಾಗಿ ಹಾರಿ ನಮ್ಮ ಮೂಗಿಗೆ, ಚರ್ಮಕ್ಕೆ ಬರುತ್ತದೆ. ಸುಟ್ಟ ಆಯಿಲು ಕ್ಯಾನ್ಸರ್ ತರುವ ವಸ್ತು. ಹೊಸ ಎಣ್ಣೆಯನ್ನೇ ಹಾಕಿ.

ಹೊಗೆಯನ್ನು ತಿರುಗಿಸುವುದು

ಪಟ್ಟಿ ಅಡ್ಡ ಮಲಗಿಸಿ ಕೊಯ್ಯುವಾಗ ಸೈಲೆನ್ಸರಿನ ಬಾಯಿ ಕೆಲವು ಮಿಷನ್ನಿನಲ್ಲಿ ದಿಮ್ಮಿಯ ಕಡೆಗೇ ಬರುತ್ತದೆ. ಹೊಗೆ ದಿಮ್ಮಿಗೆ ಬಡಿದು ವಾಪಸ್ ಮುಖಕ್ಕೆ. ಇದಕ್ಕೆ ಉಪಾಯ ಮಾಡುತ್ತೇನೆ ಅಂತ ಹೋಗಿ ನಾನು ಕೆಟ್ಟೆ. ಬಾಯಿಗೆ ಅರ್ಧ ಇಂಚಿನ ಪೈಪನ್ನು ಎರಡಡಿ ಉದ್ದಕ್ಕೆ ವೆಲ್ಡ್ ಮಾಡಿಸಿದೆ. ಒಂದಿಂಚಿನ ತೂತಿನಲ್ಲಿ ಹೋಗುವಷ್ಟರ ಕಾಲು ಭಾಗ ಮಾತ್ರ ಅರ್ಧ ಇಂಚಿನಲ್ಲಿ ಹೋಗುತ್ತದೆ ಅಂತ ಆಗ ಲೆಕ್ಕ ಹಾಕಲಿಲ್ಲ. ಇಂಜಿನ್ ಕಾದು ಎರಡನೇ ಕೊಯ್ತಕ್ಕೆ ನಿಂತಿತು. ಪೈಪಿನ ಭಾರಕ್ಕೆ ನಡುಕ ಸೇರಿ ಸೈಲೆನ್ಸರಿನ ಬೋಲ್ಟು ಮುರಿಯಿತು. ಕೆಂಪಗೆ ಕಾದ ಪೈಪು ಒಣ ಹುಲ್ಲಿಗೆ ತಾಗಿ ಹೊಗೆಯಾಡಿದ್ದನ್ನು ಕಾಲಲ್ಲಿ ತುಳಿದು ಆರಿಸಿದೆವು.

ಈಗ ಇರುವುದು ಸಣ್ಣ ತಗಡಿನ ಟೊಪ್ಪಿ. ಸೈಲೆನ್ಸರಿನ ಬಾಯಿಗಿಂತ ಅಗಲವಾಗಿ ಮಡಿಸಿ, ಹೊಗೆ ದಿಮ್ಮಿಗೆ ಹೊಡೆಯದೆ ನಮ್ಮಿಂದ ಆಚೆಗೆ ತಿರುಗುವ ಹಾಗೆ ಅದರದ್ದೇ ಸ್ಕ್ರೂವಿಗೆ ಸಿಕ್ಕಿಸಿದ್ದೇನೆ. ಭಾರ ಇಲ್ಲ, ಬಾಯಿ ಕಟ್ಟುವುದಿಲ್ಲ. ಕೆಲವು ಮಿಷನ್ನಿಗೆ ಕಂಪನಿಯದ್ದೇ ಸಿಗುತ್ತದೆ, ಸಿಕ್ಕರೆ ಅದೇ ಒಳ್ಳೆಯದು. ಇದರಿಂದ ಮುಖಕ್ಕೆ ಬರುವ ಹೊಗೆ ತುಂಬಾ ಕಡಿಮೆಯಾಗಿದೆ. ಶಬ್ದ ಮಾತ್ರ ಅಷ್ಟೇ ಇದೆ, ಯಾಕೆಂದರೆ ಶಬ್ದ ಬರುವುದು ಬಾಯಿಯಿಂದ ಮಾತ್ರ ಅಲ್ಲ; ಗಾಳಿ ಎಳೆಯುವ ಕಡೆಯಿಂದ, ಇಂಜಿನ್ ಮೈಯಿಂದ, ಚೈನಿನಿಂದಲೂ ಬರುತ್ತದೆ. ಪಕ್ಕದಲ್ಲಿ ಒಂದು ಕೊಡ ನೀರು ಇಟ್ಟುಕೊಂಡೇ ಕೆಲಸ ಶುರು ಮಾಡುತ್ತೇನೆ.

ಕರೆಂಟಿನ ಗರಗಸ ಆಗುತ್ತದೆಯೇ?

1926ರಲ್ಲಿ ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ಮಾಡಿದ ಮೊದಲ ಚೈನ್ ಗರಗಸ ಕರೆಂಟಿನದ್ದೇ. ಇಬ್ಬರು ಹಿಡಿಯಬೇಕಿತ್ತು, ತೂಕ 48 ಕೆ.ಜಿ. ಈಗ ಐದಾರು ಕೆ.ಜಿ.ಯವು ಸಿಗುತ್ತವೆ. ಹೊಗೆ ಇಲ್ಲವೇ ಇಲ್ಲ. ಶಬ್ದ ಕಡಿಮೆ, ಆದರೂ ಕಿವಿ ಮುಚ್ಚಲೇಬೇಕು. ಮನೆ ಕರೆಂಟಿನಲ್ಲಿ 2 ಕಿಲೋವ್ಯಾಟಿನ ಮಿಷನ್ ಓಡಿಸಬಹುದು. ಅದರಲ್ಲಿ ಎಂಟು ಹತ್ತು ಇಂಚು ಅಗಲದ ಮೆತ್ತನೆ ಮರ ನಿಧಾನಕ್ಕೆ ಸೀಳಬಹುದು, ದೊಡ್ಡ ದಿಮ್ಮಿಗೆ ಆಗದು. ನಮ್ಮಂಥ ಲೈನಿನ ತುದಿಯ ಮನೆಗಳಲ್ಲಿ ವೋಲ್ಟೇಜು ಇಳಿದರೆ ಮೋಟಾರು ಸುಡುತ್ತದೆ. ಸಣ್ಣ ವಯರಿನಲ್ಲಿ ದೂರ ಎಳೆದರೂ ಹಾಗೇ, ತಾಮ್ರದ 2.5 ಚದರ ಮಿಲಿಮೀಟರಿಗಿಂತ ಕಡಿಮೆ ಬೇಡ. ಶಾಕ್ ತಡೆಯುವ ಸ್ವಿಚ್ಚು ಇರಲಿ, ಒದ್ದೆ ನೆಲದಲ್ಲಿ ಮುಟ್ಟಬೇಡಿ.

ಕೊಯ್ತವನ್ನೇ ಕಡಿಮೆ ಮಾಡಿ

ನಾನು ಸಣ್ಣವನಿದ್ದಾಗ ಗರಗಸದವರು ಬರುತ್ತಿದ್ದರು. ಅಡ್ಡೆಯ ಮೇಲೆ ಒಬ್ಬ, ಕೆಳಗೆ ಒಬ್ಬ, ಮಸಿ ನೂಲು ಹೊಡೆದು ದಿನಗಟ್ಟಲೆ ಎಳೆಯುತ್ತಿದ್ದರು. ಹೊಗೆ ಇಲ್ಲ, ಗಲಾಟೆ ಇಲ್ಲ, ಕೆಳಗಿನವನ ಕಣ್ಣಿಗೆ ಹೊಟ್ಟು ಮಾತ್ರ. ಈಗ ಆ ಜನ ಇಲ್ಲ, ಅಷ್ಟು ಕಷ್ಟ ಪಡಿ ಎಂದು ಯಾರಿಗೂ ಹೇಳುವ ಹಾಗೂ ಇಲ್ಲ.

ಆದರೆ ಒಂದು ಲೆಕ್ಕ ನೋಡಿ. ಚೈನು ಒಂದು ಕೊಯ್ತಕ್ಕೆ 8ರಿಂದ 9 ಮಿಲಿಮೀಟರ್ ಮರವನ್ನು ಹೊಟ್ಟು ಮಾಡುತ್ತದೆ. ಸಾಮಿಲ್ಲಿನ ಪಟ್ಟಿ ಗರಗಸ ಎರಡೂವರೆ ಮಿಲಿಮೀಟರ್. 400 ಮಿಲಿಮೀಟರ್ ದಪ್ಪದ ತೊಲೆಯಿಂದ 25 ಮಿಲಿಮೀಟರಿನ ಹಲಗೆ ಚೈನಿನಲ್ಲಿ 12 ಬರುತ್ತದೆ, ಸಾಮಿಲ್ಲಿನಲ್ಲಿ 14. ಎರಡು ಹಲಗೆ ಹೊಟ್ಟಿಗೆ ಹೋಯಿತು. ಅದೇ ದಿಮ್ಮಿಯನ್ನು ನಾವು 50 ಮಿಲಿಮೀಟರ್ ದಪ್ಪಕ್ಕೆ ಕೊಯ್ದರೆ 11 ಕೊಯ್ತದ ಜಾಗದಲ್ಲಿ ಐದಾರು ಸಾಕು. ದಪ್ಪ ಹಲಗೆ ಹೊರುವಷ್ಟು ಹಗುರ, ಗೂಡ್ಸ್ ಆಟೋದಲ್ಲಿ ಹೋಗುತ್ತದೆ. ತೆಳು ಬೇಕಾದವನ್ನು ಸಾಮಿಲ್ಲಿನಲ್ಲಿ ಸೀಳಿಸಿಕೊಳ್ಳಬಹುದು. ಶಬ್ದ ಅರ್ಧ, ಹೊಗೆ ಅರ್ಧ, ಮರವೂ ಉಳಿಯಿತು. ಎಲ್ಲ ಉಪಾಯಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ.

ತಮ್ಮ ಜಮೀನಿನ ಮರವೇ ಆದರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಕಡಿಯುವ ಮೊದಲು, ಕೊಯ್ಯುವ ಮೊದಲು, ಸಾಗಿಸುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ. ಯಾವ ಜಾತಿಗೆ ಅನುಮತಿ ಬೇಕು, ಯಾವುದಕ್ಕೆ ಬೇಡ ಎಂದು ಅಲ್ಲಿ ಹೇಳುತ್ತಾರೆ.

ಕೊನೆಗೆ

ಐದು ವರ್ಷಕ್ಕಿಂತ ಹೆಚ್ಚು ಈ ಮಿಷನ್ ಹಿಡಿದವರು ಒಮ್ಮೆ ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ. ಜಿಲ್ಲಾ ಆಸ್ಪತ್ರೆಯ ಕಿವಿ ವಿಭಾಗದಲ್ಲಿ ಕೇಳಿ. ಹೆಚ್ಚಿನ ಪರೀಕ್ಷೆಗೆ ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹೋದದ್ದು ಬಾರದಿದ್ದರೂ ಉಳಿದದ್ದು ಎಷ್ಟು ಅಂತ ಗೊತ್ತಾಗುತ್ತದೆ, ಅದನ್ನು ಕಾಯಬಹುದು.

ನಮ್ಮ ಮನೆಯಲ್ಲಿ ಈಗ ಮಗ ಮಿಷನ್ ಹಿಡಿಯುತ್ತಾನೆ. ಬಿರಡೆ, ಬಟ್ಟಲು ಎರಡೂ ಹಾಕದೆ ಪೆಟ್ರೋಲಿನ ಡಬ್ಬ ನಾನು ಕೊಡುವುದಿಲ್ಲ. ಮೊದಲು ಗೊಣಗುತ್ತಿದ್ದ. ಕಳೆದ ಮಳೆಗಾಲದಲ್ಲಿ ಒಂದು ಸಂಜೆ, "ಜೀರುಂಡೆ ಕೇಳ್ತಾ ಇದೆಯೇನೋ?" ಅಂತ ಕೇಳಿದೆ. "ಕಿವಿ ತೂತು ಬೀಳೋ ಹಾಗೆ ಕೂಗ್ತಾ ಇದೆ" ಅಂದ. ನನಗೆ ಕೇಳಿಸಲಿಲ್ಲ. ಅವನಿಗೆ ಕೇಳಿಸಿತಲ್ಲ, ಸಾಕು.